ವಿದ್ಯಾರ್ಥಿ ಜೀವನದಲ್ಲಿ ಮಾತು ಮತ್ತು ಜಗಳ



ಪದವಿ ಕಾಲೇಜುಗಳ ವೇಳಾಪಟ್ಟಿಯಲ್ಲಿ ಈಗ ಸಂವಹನ ಕೌಶಲ್ಯಕ್ಕೂ ಒಂದು ಜಾಗವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2019ರಲ್ಲಿ ‘ಜೀವನ ಕೌಶಲ’ ಎಂಬ ಪಠ್ಯಕ್ರಮವನ್ನೇ ಹೊರತಂದಿತು. ಸಂವಹನ ಅದರ ಒಂದು ಮುಖ್ಯ ಭಾಗ. ಆದರೆ ಆ ತರಗತಿಯಲ್ಲಿ ಹೋಗಿ ಕೂತರೆ ಹೆಚ್ಚಾಗಿ ಕಾಣುವುದು ಇಂಗ್ಲಿಷಿನಲ್ಲಿ ಸ್ವಪರಿಚಯ ಹೇಳಿಸುವುದು, ಸಂದರ್ಶನದಲ್ಲಿ ಕೈಕಾಲು ಹೇಗಿಟ್ಟುಕೊಳ್ಳಬೇಕೆಂದು ತೋರಿಸುವುದು. ಅದು ಬೇಡವೆಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಕೆಲಸ ಸಿಗಬೇಕು. ಆದರೆ ಹಳ್ಳಿಯಿಂದ ಬಂದ ಹುಡುಗನೊಬ್ಬ ಇಂಗ್ಲಿಷ್ ತೊದಲಿದ್ದಕ್ಕೆ ತಲೆ ತಗ್ಗಿಸಿ, “ನಂಗೆ ಕಮ್ಯುನಿಕೇಶನ್ ಬರಲ್ಲ ಸಾರ್” ಎಂದಾಗ ನನಗೆ ಸಂಕಟವಾಗುತ್ತದೆ. ಅವನು ಸಂತೆಯಲ್ಲಿ ಅಪ್ಪನ ಪಕ್ಕ ಕೂತು ತರಕಾರಿ ಮಾರಿದವನು. ಮನೆಯಲ್ಲಿ ಅಣ್ಣನಿಗೂ ದೊಡ್ಡಪ್ಪನಿಗೂ ಮಾತು ನಿಂತಾಗ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ಮುಟ್ಟಿಸಿ, ಮುಟ್ಟಿಸುವಾಗ ಅದರ ಖಾರವನ್ನಷ್ಟು ಕಡಿಮೆ ಮಾಡಿ, ಇಬ್ಬರನ್ನೂ ಹಬ್ಬದ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರಿಸಿದವನು. ಅವನಿಗೆ ಸಂವಹನ ಬರುವುದಿಲ್ಲವೆಂದು ಯಾರು ಹೇಳಿಕೊಟ್ಟರು?

ವಿದ್ಯಾರ್ಥಿಯ ಮಾತಿಗೆ ನಿಜವಾದ ಪರೀಕ್ಷೆ ನಡೆಯುವುದು ಸಂದರ್ಶನದ ಕೋಣೆಯಲ್ಲಲ್ಲ. ಹಾಸ್ಟೆಲ್ಲಿನಲ್ಲಿ, ಮನೆಯ ಪಡಸಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ. ಅದೂ ಮನೆಮಾತಿನಲ್ಲಿ, ಕನ್ನಡವಿರಲಿ, ತುಳುವಿರಲಿ, ಉರ್ದುವಿರಲಿ, ಲಂಬಾಣಿಯಿರಲಿ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಎದುರಿಗಿರುವವರು ನಿನ್ನ ಮಾತು ಒಪ್ಪದಿದ್ದಾಗ ನೀನೇನು ಮಾಡುತ್ತೀಯ?

ಹೆಣ್ಣುಮಕ್ಕಳ ಒಂದು ವಿದ್ಯಾರ್ಥಿನಿಲಯದಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ತರಗತಿಯ ಬಿ.ಕಾಂ. ವಿದ್ಯಾರ್ಥಿನಿಗೂ ಅವಳ ಕೋಣೆಯ ಗೆಳತಿಗೂ ದೀಪದ ವಿಚಾರಕ್ಕೆ ಜಗಳ. ರಾತ್ರಿ ಹತ್ತಾದರೆ ಗೆಳತಿ “ಲೈಟ್ ಆರಿಸೇ” ಎನ್ನುವಳು. ಇವಳು “ನಂಗೆ ಓದೋದಿದೆ ಕಣೇ” ಎನ್ನುವಳು. ಒಬ್ಬಳು ಸ್ವಿಚ್ ಒತ್ತುವುದು, ಇನ್ನೊಬ್ಬಳು ಎದ್ದು ಮತ್ತೆ ಹಾಕುವುದು. ಹೀಗೇ ನಡೆದು ಮಾತು ನಿಂತಿತು. ಕೋಣೆಯ ಉಳಿದ ಹುಡುಗಿಯರು ಎರಡು ಪಕ್ಷವಾದರು. ಊಟಕ್ಕೆ ತಟ್ಟೆ ಹಿಡಿದು ನಿಲ್ಲುವ ಸಾಲಿನಲ್ಲೂ ಮುಖ ತಿರುಗಿಸುವುದು ಶುರುವಾಯಿತು. ಕೊನೆಗೆ ಇಬ್ಬರೂ ಬೇರೆ ಬೇರೆಯಾಗಿ ಹೋಗಿ, ಕೋಣೆ ಬದಲಿಸಿಕೊಡಿ ಎಂದು ವಾರ್ಡನ್ ಮೇಡಂಗೆ ಅರ್ಜಿ ಕೊಟ್ಟರು. ಬೇರೆ ಕೋಣೆ ಖಾಲಿ ಇರಲಿಲ್ಲ.

ಅದೇ ದಿನಗಳಲ್ಲಿ ತರಗತಿಯಲ್ಲಿ ನಾವು ಮೇರಿ ಪಾರ್ಕರ್ ಫಾಲೆಟ್ ಅವರ ಬಗ್ಗೆ ಓದುತ್ತಿದ್ದೆವು. ಫಾಲೆಟ್ ಅಮೆರಿಕದ ಚಿಂತಕಿ. 1868ರಲ್ಲಿ ಹುಟ್ಟಿ 1933ರಲ್ಲಿ ತೀರಿಕೊಂಡವರು. ಆಡಳಿತ ನಿರ್ವಹಣೆ ಎಂಬ ಶಾಸ್ತ್ರ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ, ಜಗಳವನ್ನು ಹತ್ತಿಕ್ಕಬಾರದು, ಕೆಲಸಕ್ಕೆ ಹಚ್ಚಬೇಕು ಎಂದವರು. 1925ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ ಒಂದು ಭಾಷಣದಲ್ಲಿ ಅವರು ತಮ್ಮದೇ ಅನುಭವ ಹೇಳುತ್ತಾರೆ. ಹಾರ್ವರ್ಡ್ ಗ್ರಂಥಾಲಯದ ಒಂದು ಸಣ್ಣ ಕೋಣೆಯಲ್ಲಿ ಅವರು ಓದುತ್ತ ಕೂತಿದ್ದಾಗ ಇನ್ನೊಬ್ಬರಿಗೆ ಕಿಟಕಿ ತೆರೆಯಬೇಕಿತ್ತು, ಇವರಿಗೆ ಮುಚ್ಚಿರಬೇಕಿತ್ತು. ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ವಿಷಯ ಅಲ್ಲಿಗೆ ಮುಗಿಯಿತು. ಏಕೆಂದರೆ ಆ ಇನ್ನೊಬ್ಬರಿಗೆ ಬೇಕಿದ್ದದ್ದು ಅದೇ ಕಿಟಕಿಯಲ್ಲ, ಕೋಣೆಗೆ ಗಾಳಿ. ಫಾಲೆಟ್ ಅವರಿಗೆ ಬೇಡವಿದ್ದದ್ದು ಗಾಳಿಯಲ್ಲ, ಉತ್ತರದ ಕುಳಿರ್ಗಾಳಿ ನೇರ ಮೈಮೇಲೆ ಬೀಸುವುದು.

ಜಗಳ ತೀರುವುದಕ್ಕೆ ಫಾಲೆಟ್ ಮೂರು ದಾರಿ ಗುರುತಿಸಿದರು. ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದು ಒಂದು. ಇಬ್ಬರೂ ಅಷ್ಟಷ್ಟು ಬಿಟ್ಟುಕೊಟ್ಟು ರಾಜಿಯಾಗುವುದು ಇನ್ನೊಂದು. ಯಾರೂ ಏನನ್ನೂ ಕಳೆದುಕೊಳ್ಳದೆ ಇಬ್ಬರ ಅಗತ್ಯವೂ ಕೂಡಿಬರುವಂತೆ ಹೊಸದೊಂದನ್ನು ಹುಡುಕುವುದು ಮೂರನೆಯದು. ನಾವು ಸಾಮಾನ್ಯವಾಗಿ ರಾಜಿಯನ್ನೇ ದೊಡ್ಡ ಗುಣವೆಂದು ಹೊಗಳುತ್ತೇವೆ. ಆ ಗ್ರಂಥಾಲಯದಲ್ಲಿ ರಾಜಿಯೆಂದರೆ ಅರ್ಧ ತೆರೆದ ಕಿಟಕಿ: ಒಬ್ಬರಿಗೆ ಚಳಿ, ಇನ್ನೊಬ್ಬರಿಗೆ ಸೆಖೆ. ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಬರೆದ, ಮಾತುಕತೆಯ ಕಲೆಯ ಬಗ್ಗೆ ಜಗತ್ತಿನಾದ್ಯಂತ ಓದಿಸಿಕೊಂಡ ಪುಸ್ತಕದಲ್ಲೂ ಈ ಕಿಟಕಿಯ ಕಥೆ ಬರುತ್ತದೆ. ಬಾಯಲ್ಲಿ ಕೇಳುವುದು ಬೇರೆ, ಒಳಗೆ ಬೇಕಾಗಿರುವುದು ಬೇರೆ. ಇವೆರಡನ್ನು ಬಿಡಿಸಿ ನೋಡಿದರೆ ದಾರಿ ಸಿಗುತ್ತದೆಂದು ತೋರಿಸಲು ಅವರಿಗೂ ಅದೇ ಉದಾಹರಣೆ ಬೇಕಾಯಿತು.

ನನ್ನ ವಿದ್ಯಾರ್ಥಿನಿ ಆ ಪಾಠವನ್ನು ಹಾಸ್ಟೆಲ್ಲಿಗೆ ಒಯ್ದಳು. ಒಂದು ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಸುತ್ತ ಬೇರೆ ಯಾರೂ ಇಲ್ಲದಾಗ, “ನಿಂಗೆ ಹತ್ತು ಗಂಟೆಗೇ ಮಲಗಬೇಕಲ್ಲ, ಬೆಳಿಗ್ಗೆ ಏನಾದ್ರೂ ಕಷ್ಟ ಆಗ್ತಿದೆಯಾ?” ಎಂದು ಕೇಳಿದಳು. ಗೆಳತಿ ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುತ್ತಿದ್ದಳು. ಐದಕ್ಕೆ ಎದ್ದು ಮೈದಾನಕ್ಕೆ ಹೋಗಬೇಕು; ನಿದ್ದೆಗೆಟ್ಟರೆ ಓಟದಲ್ಲಿ ಉಸಿರು ಸಾಲುವುದಿಲ್ಲ. ಆಮೇಲೆ ಅವಳು ಕೇಳಿದಳು, “ನೀನು ಸಾಯಂಕಾಲವೇ ಓದಿ ಮುಗಿಸಬಾರದಾ?” ಸಾಯಂಕಾಲ ಇವಳು ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದಳು, ಮನೆಗೆ ಹಣ ಕಳಿಸಬೇಕಿತ್ತು. ಜೂನ್ ತಿಂಗಳಿಂದ ಒಂದೇ ಕೋಣೆಯಲ್ಲಿದ್ದರೂ ಈ ಎರಡು ಸಂಗತಿ ಒಬ್ಬರದ್ದು ಒಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ವಾರ್ಡನ್ ಹತ್ತಿರ ಹೋಗಿ, ಊಟದ ಹಾಲನ್ನು ರಾತ್ರಿ ಓದುವುದಕ್ಕೆ ತೆರೆದಿಡುವಂತೆ ಕೇಳಿಕೊಂಡರು. ಪಾತ್ರೆ ತೊಳೆದು ಮುಗಿದ ಮೇಲೆ ಆ ಹಾಲು ಹೇಗೂ ಖಾಲಿ ಇರುತ್ತಿತ್ತು. ಈಗ ಅಲ್ಲಿ ಬೇರೆ ಕೋಣೆಗಳ ಹುಡುಗಿಯರೂ ಬಂದು ಓದುತ್ತಾರೆ.

ಅವಳು ಪ್ರಶ್ನೆ ಕೇಳಿದ ರೀತಿಯನ್ನು ಗಮನಿಸಬೇಕು. “ಯಾಕೆ ಹಿಂಗಾಡ್ತೀಯ?” ಎಂಬುದು ಪ್ರಶ್ನೆಯ ರೂಪದಲ್ಲಿರುವ ಆರೋಪ, ಅದಕ್ಕೆ ಬರುವುದು ಉತ್ತರವಲ್ಲ, ಪ್ರತ್ಯಾರೋಪ. ಅವಳು ಕೇಳಿದ್ದು ಕಷ್ಟವನ್ನು. ಜಾಗವೂ ಸರಿಯಾಗಿತ್ತು, ಹೊತ್ತೂ ಸರಿಯಾಗಿತ್ತು. ನಾಲ್ಕು ಜನರ ಎದುರು ಕೇಳಿದ್ದರೆ ಗೆಳತಿ ಮಾನ ಉಳಿಸಿಕೊಳ್ಳಲಿಕ್ಕಾದರೂ ಎದುರುತ್ತರ ಕೊಡಬೇಕಾಗುತ್ತಿತ್ತು.

ಕೇಳಿಸಿಕೊಳ್ಳುವುದೂ ಒಂದು ವಿದ್ಯೆ. ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ವಾದಕ್ಕಿಳಿದವರಿಗೆ ಒಂದು ನಿಯಮ ಸೂಚಿಸಿದ್ದರು: ಎದುರಿನವರು ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ, ಅವರು ‘ಹೌದು, ನಾನು ಹೇಳಿದ್ದು ಅದನ್ನೇ’ ಎಂದು ಒಪ್ಪಿದ ಮೇಲಷ್ಟೇ ನಿಮ್ಮ ವಾದ ಶುರುಮಾಡಿ. ಓದುವುದಕ್ಕೆ ಸುಲಭ. ತರಗತಿಯಲ್ಲಿ ಇದನ್ನು ಮಾಡಿಸಿದರೆ ಬಹಳ ಚುರುಕಾದ ಹುಡುಗರೇ ಮೊದಲು ಸೋಲುತ್ತಾರೆ, ಏಕೆಂದರೆ ಎದುರಿನವರು ಮಾತಾಡುವಷ್ಟು ಹೊತ್ತೂ ಅವರು ತಮ್ಮ ಉತ್ತರವನ್ನು ಮನಸ್ಸಿನಲ್ಲಿ ಹೊಂದಿಸುತ್ತಿರುತ್ತಾರೆ. ಚರ್ಚಾಸ್ಪರ್ಧೆಗಳನ್ನು ನಾನು ತುಂಬ ಇಷ್ಟಪಡುತ್ತೇನೆ, ಮಕ್ಕಳಿಗೆ ವೇದಿಕೆಯ ಧೈರ್ಯ ಬರುವುದು ಅಲ್ಲಿಯೇ. ಆದರೆ ಅಲ್ಲಿ ಬಹುಮಾನ ಸಿಗುವುದು ಖಂಡಿಸಿದವರಿಗೆ. ಎದುರಾಳಿಯ ಮಾತನ್ನು ಚೆನ್ನಾಗಿ ಅರ್ಥಮಾಡಿಕೊಂಡವರಿಗೂ ಒಂದು ಬಹುಮಾನ ಇರಬೇಕಿತ್ತು.

ಇನ್ನೊಂದು ವಿದ್ಯೆ, ನಡೆದದ್ದನ್ನು ನಡೆದಷ್ಟೇ ಹೇಳುವುದು. ಅಮೆರಿಕದ ಥಾಮಸ್ ಗಾರ್ಡನ್ 1962ರಲ್ಲಿ ತಂದೆತಾಯಿಯರಿಗಾಗಿ ಒಂದು ತರಬೇತಿ ಆರಂಭಿಸಿದರು. ‘ನೀನು ಹೀಗೆ, ನೀನು ಹಾಗೆ’ ಎನ್ನುವ ಬದಲು ‘ನನಗೆ ಹೀಗಾಗುತ್ತಿದೆ’ ಎಂದು ಹೇಳುವುದನ್ನು ಅವರು ಕಲಿಸಿದರು. ಮಾರ್ಷಲ್ ರೋಸೆನ್‌ಬರ್ಗ್ ಅದೇ ದಿಕ್ಕಿನಲ್ಲಿ ಇನ್ನಷ್ಟು ಮುಂದೆ ಹೋದರು. ಬಾಲ್ಯದಲ್ಲಿ, 1943ರಲ್ಲಿ, ಡೆಟ್ರಾಯಿಟ್ ನಗರದ ಜನಾಂಗೀಯ ಗಲಭೆಯನ್ನು ಕಂಡಿದ್ದವರು ಅವರು. ಮನುಷ್ಯರು ಯಾಕೆ ಇಷ್ಟು ಕ್ರೂರವಾಗುತ್ತಾರೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಕಂಡದ್ದು, ಅನಿಸಿದ್ದು, ಬೇಕಾದದ್ದು, ಕೋರಿಕೆ ಎಂಬ ನಾಲ್ಕು ಹೆಜ್ಜೆಯ ಅಹಿಂಸಾತ್ಮಕ ಸಂವಹನವನ್ನು ಅವರು ರೂಪಿಸಿದರು.

ನಾಲ್ಕರಲ್ಲಿ ಮೊದಲನೆಯದೇ ಕಷ್ಟದ್ದು. ಹಳ್ಳಿಗಳಿಂದ ಓಡಾಡುವ ವಿದ್ಯಾರ್ಥಿಗಳ ಬಸ್ಸಿನ ಗೋಳು ನಿಮಗೆಲ್ಲ ಗೊತ್ತಿದೆ. ಬಸ್ಸು ತುಂಬಿ ಬರುತ್ತದೆ, ಕೈ ಮಾಡಿದರೂ ನಿಲ್ಲಿಸುವುದಿಲ್ಲ, ಮೊದಲ ತರಗತಿ ತಪ್ಪುತ್ತದೆ. “ಈ ಡ್ರೈವರ್‌ಗಳೇ ಹಿಂಗೆ, ಪಾಸಿನ ಮಕ್ಕಳನ್ನ ಕಂಡ್ರೆ ಆಗಲ್ಲ” ಎಂದರೆ ಚಾಲಕನಿಗೂ ಸಿಟ್ಟು, ಡಿಪೋದವರಿಗೂ ಸಿಟ್ಟು. ಅದರ ಬದಲು ಯಾವ ನಿಲ್ದಾಣ, ಯಾವ ಹೊತ್ತಿನ ಬಸ್ಸು, ಯಾವ ಯಾವ ತಾರೀಕು ನಿಲ್ಲಿಸಲಿಲ್ಲ, ಎಷ್ಟು ಮಕ್ಕಳು ಉಳಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಆ ಪುಟವನ್ನು ಡಿಪೋ ವ್ಯವಸ್ಥಾಪಕರ ಮೇಜಿನ ಮೇಲಿಡಿ. ‘ನಮಗೆ ಒಂಬತ್ತೂವರೆಗೆ ಕಾಲೇಜಿನಲ್ಲಿರಬೇಕು, ಈ ಎರಡು ನಿಲ್ದಾಣಗಳಲ್ಲಿ ಕಡ್ಡಾಯ ನಿಲುಗಡೆ ಕೊಡಿ’ ಎಂದು ಒಂದೇ ಕೋರಿಕೆ ಇಡಿ. ಆ ಅಧಿಕಾರಿ ಅದಕ್ಕೆ ಹೌದೋ ಅಲ್ಲವೋ ಹೇಳಲೇಬೇಕಾಗುತ್ತದೆ. ಚಾಲಕರಿಗೂ ತಡವಾದರೆ ಮೇಲಿನವರಿಂದ ಕೇಳುವ ಮಾತಿದೆ ಎಂಬುದು ಆ ಮಾತುಕತೆಯಲ್ಲೇ ಮಕ್ಕಳಿಗೂ ತಿಳಿಯುತ್ತದೆ.

ವ್ಯಕ್ತಿತ್ವ ವಿಕಸನದ ಕಾರ್ಯಾಗಾರಗಳಲ್ಲಿ ಮತ್ತೆ ಮತ್ತೆ ಹೇಳುವ ಒಂದು ಲೆಕ್ಕವಿದೆ: ಸಂವಹನದಲ್ಲಿ ಪದಗಳ ಪಾಲು ಬರೀ ಶೇ. 7, ದನಿಯದು ಶೇ. 38, ಮುಖಭಾವದ್ದು ಶೇ. 55. ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಃಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ ಬಂದ ಅಂಕಿಗಳಿವು. ಆದರೆ ಆ ಪ್ರಯೋಗಗಳಲ್ಲಿ ಬಳಸಿದ್ದು ಒಂಟಿ ಪದಗಳು, ದನಿಯ ಏರಿಳಿತ ಮತ್ತು ಮುಖದ ಚಿತ್ರಗಳು. ಇಷ್ಟ, ಅನಿಷ್ಟದಂಥ ಭಾವನೆ ಹೇಳುವಾಗ ಮಾತೊಂದು, ಮುಖವೊಂದು ಹೇಳಿದರೆ ಜನ ಯಾವುದನ್ನು ನಂಬುತ್ತಾರೆ ಎಂಬುದಕ್ಕಷ್ಟೇ ಅವು ಅನ್ವಯಿಸುತ್ತವೆ. ಮೆಹ್ರೇಬಿಯನ್ ಅವರೇ ಇದನ್ನು ಸ್ಪಷ್ಟಪಡಿಸಿದ್ದಾರೆ. ಪದಕ್ಕೆ ಬೆಲೆಯಿಲ್ಲವೆಂದು ಮಕ್ಕಳಿಗೆ ಕಲಿಸಬೇಡಿ. ಆಡಿದ ಒಂದು ಪದಕ್ಕೆ ಮನೆಗಳು ಒಡೆದ ಊರುಗಳಲ್ಲಿ ನಾವು ಬದುಕುತ್ತಿದ್ದೇವೆ.

ಮೊಬೈಲಿನ ಸಂದೇಶದಲ್ಲಂತೂ ಪದ ಬಿಟ್ಟರೆ ಬೇರೇನೂ ಇರುವುದಿಲ್ಲ. ‘ಸರಿ ಬಿಡು’ ಎಂದು ಬರೆದದ್ದನ್ನು ಓದುವವರು ತಮ್ಮ ಮನಸ್ಸಿನ ದನಿಯಲ್ಲೇ ಓದುತ್ತಾರೆ. ಆದ್ದರಿಂದ ಮನಸ್ತಾಪದ ವಿಷಯ ಗುಂಪಿನಲ್ಲಿ ಬೇಡ, ಬರವಣಿಗೆಯಲ್ಲೂ ಬೇಡ. ಹೋಗಿ ಭೇಟಿಯಾಗಿ, ಆಗದಿದ್ದರೆ ಕರೆ ಮಾಡಿ.

ಸಿಟ್ಟು ನೆತ್ತಿಗೇರಿದಾಗ ಈ ವಿದ್ಯೆ ಯಾವುದೂ ನೆನಪಿಗೆ ಬರುವುದಿಲ್ಲ ಎನ್ನುತ್ತೀರಿ. ನಿಜ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ಎದೆಬಡಿತ ಏರಿದ ಹೊತ್ತಿನಲ್ಲಿ ಮನುಷ್ಯ ಕೇಳಿಸಿಕೊಳ್ಳಲಾರ ಎಂದು ಕಂಡುಕೊಂಡರು. ಕನಿಷ್ಠ ಇಪ್ಪತ್ತು ನಿಮಿಷ ಬಿಡುವು ತೆಗೆದುಕೊಳ್ಳಿ ಎಂಬುದು ಅವರ ಸಲಹೆ. ಬಾಗಿಲು ಬಡಿದು ಹೊರಟು ಹೋಗುವುದು ಬಿಡುವಲ್ಲ. “ಈಗ ಬೇಡ, ಊಟ ಆದ್ಮೇಲೆ ಮಾತಾಡೋಣ” ಎಂದು ಹೇಳಿ ಹೋಗಬೇಕು, ಊಟವಾದ ಮೇಲೆ ಬಂದು ಕೂರಬೇಕು. ಸಂಬಂಧವನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಸಿಟ್ಟಲ್ಲ, ತಾತ್ಸಾರ ಎಂಬುದನ್ನೂ ಗಾಟ್‌ಮನ್ ಗುರುತಿಸಿದ್ದಾರೆ. ಸೊಟ್ಟ ನಗೆ, ಅಣಕ, ಕಣ್ಣು ಮೇಲೆ ಹೊರಳಿಸುವುದು. ಹಾಸ್ಟೆಲ್ಲಿನಲ್ಲಿ ಒಬ್ಬನ ಜಾತಿಯನ್ನೋ ಬಣ್ಣವನ್ನೋ ಮಾತಿನ ಧಾಟಿಯನ್ನೋ ಹಿಡಿದು ‘ತಮಾಷೆ’ ಮಾಡುವುದೂ ಈ ತಾತ್ಸಾರವೇ.

ಇನ್ನು ಮನೆ. ಬಾನುಲಿಯಲ್ಲಿ ಹೇಳುವವರು ಹೇಳುತ್ತಾರೆ, ಕೇಳುವವರು ಕೇಳುತ್ತಾರೆ. ಮರುಮಾತಿಗೆ ಕಾಗದ ಬರೆಯಬೇಕು. ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಮಾತೂ ಬಾನುಲಿಯ ಹಾಗೆ ಒಂದೇ ದಿಕ್ಕಿನದು. ಅಂಥ ಮನೆಯ ಹುಡುಗಿಗೆ ಮದುವೆ ಬೇಡ, ಬಿ.ಎಡ್. ಮಾಡಬೇಕು ಎಂದು ಹೇಳುವುದು ಯಾವ ಸಂದರ್ಶನಕ್ಕಿಂತಲೂ ಕಠಿಣ. “ನೀವ್ಯಾವತ್ತು ನನ್ನ ಮಾತು ಕೇಳಿದ್ದೀರಿ?” ಎಂದು ಶುರುವಾದರೆ ಕದ ಮುಚ್ಚಿತು. “ಅಪ್ಪ, ಶುಕ್ರವಾರ ಮಾವ ಬಂದಾಗ ಮದುವೆ ಮಾತಾಯ್ತು, ನನ್ನನ್ನ ಯಾರೂ ಕೇಳಲಿಲ್ಲ. ನಂಗೆ ಭಯ ಆಯ್ತು. ನಾನು ನನ್ನ ಕಾಲ ಮೇಲೆ ನಿಲ್ಲಬೇಕು ಅಂತಿದ್ದೀನಿ. ಫಲಿತಾಂಶ ಬರೋವರೆಗೆ ಅವರಿಗೆ ಮಾತು ಕೊಡಬೇಡಿ” ಎಂದರೆ ಅಪ್ಪನಿಗೆ ಉತ್ತರಿಸಲು ಏನೋ ಒಂದು ಸಿಕ್ಕಿತು. ಆಮೇಲೆ ಅಪ್ಪನ ಭಯವನ್ನೂ ಕೇಳಬೇಕು. ಅವರ ಆರೋಗ್ಯದ ಭಯವಿರಬಹುದು, ಸಾಲದ್ದಿರಬಹುದು. ಎಲ್ಲ ಅಪ್ಪಂದಿರೂ ಒಪ್ಪುತ್ತಾರೆಂದು ನಾನು ಹೇಳಲಾರೆ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಹೊರಟರಂತೂ ಅದು ಮಾತುಕತೆಯ ವಿಷಯವೇ ಅಲ್ಲ, 2006ರ ಕಾನೂನಿನ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಗೆದ್ದ ಮೇಲೂ ಮಾತು ಬೇಕಾಗುತ್ತದೆ ಎಂಬುದಕ್ಕೆ ಗಾಂಧೀಜಿಯ ಒಂದು ಪ್ರಸಂಗ ನನಗೆ ಬಹಳ ಪ್ರಿಯ. 1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಮೊಕದ್ದಮೆಗಾಗಿ. 40,000 ಪೌಂಡುಗಳ ವ್ಯಾಜ್ಯ. ಎದುರಾಳಿ ತೈಯಬ್ ಸೇಠ್ ಅಬ್ದುಲ್ಲಾರ ಸಂಬಂಧಿ, ಒಂದೇ ಊರಿನವರು. ಆಗಿನ್ನೂ ಎಳೆಯ ವಕೀಲರಾಗಿದ್ದ ಗಾಂಧೀಜಿ ಲೆಕ್ಕಪತ್ರ ಅರ್ಥವಾಗಲೆಂದು ಬುಕ್ ಕೀಪಿಂಗ್ ಪುಸ್ತಕವನ್ನೇ ಕೊಂಡು ಓದಿದರು. ನಮ್ಮ ವಾಣಿಜ್ಯ ವಿದ್ಯಾರ್ಥಿಗಳಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ. ವಿಷಯ ತಿಳಿಯದೆ ಸಂಧಾನಕ್ಕೆ ಕೂರಬಾರದು. ನಿಜಾಂಶಗಳು ಅಬ್ದುಲ್ಲಾರ ಪರವಾಗಿಯೇ ಇದ್ದವು. ಆದರೂ ವಕೀಲರ ಖರ್ಚಿನಲ್ಲಿ ಎರಡು ಮನೆಗಳೂ ಹಾಳಾಗುವುದನ್ನು ಕಂಡು, ಗಾಂಧೀಜಿ ಇಬ್ಬರನ್ನೂ ಪಂಚಾಯ್ತಿಗೆ ಒಪ್ಪಿಸಿದರು. ತೀರ್ಪು ಅಬ್ದುಲ್ಲಾರ ಕಡೆ ಆಯಿತು. 37,000 ಪೌಂಡನ್ನೂ ಖರ್ಚನ್ನೂ ಒಟ್ಟಿಗೆ ಕಟ್ಟಬೇಕಾದರೆ ತೈಯಬ್ ಸೇಠ್ ದಿವಾಳಿಯಾಗುತ್ತಿದ್ದರು. ಆ ವ್ಯಾಪಾರಿ ಸಮುದಾಯದಲ್ಲಿ ದಿವಾಳಿಗಿಂತ ಸಾವೇ ಮೇಲು ಎಂಬ ಭಾವನೆಯಿತ್ತು. ಗಾಂಧೀಜಿ ಮತ್ತೆ ಅಬ್ದುಲ್ಲಾರ ಬಳಿ ಹೋಗಿ, ದೀರ್ಘಕಾಲದ ಕಂತುಗಳಲ್ಲಿ ಹಣ ಪಡೆಯಲು ಒಪ್ಪಿಸಿದರು. ಪಂಚಾಯ್ತಿಗೆ ಒಪ್ಪಿಸುವುದಕ್ಕಿಂತ ಈ ಕಂತಿಗೆ ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಸರಿಯಿದ್ದವನಿಗೆ ಸೋತವನ ಮಾನ ಕಾಯಬೇಕೆಂದು ಅನಿಸುವುದು ಅಷ್ಟು ಸುಲಭವಲ್ಲ.

ಇಷ್ಟೆಲ್ಲ ಹೇಳುವಾಗ ಒಂದು ಎಚ್ಚರಿಕೆ ಕೊಡದಿದ್ದರೆ ತಪ್ಪಾದೀತು. ಈ ಕೌಶಲ್ಯ ಅನ್ಯಾಯವನ್ನು ಸಹಿಸಿಕೊಳ್ಳುವ ಉಪಾಯವಲ್ಲ. ಇಬ್ಬರಿಗೂ ಬೇಡ ಎನ್ನುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಅದು ಭಿನ್ನಾಭಿಪ್ರಾಯ. ಹಿರಿಯ ವಿದ್ಯಾರ್ಥಿಗಳು ಕಿರಿಯನನ್ನು ಸುತ್ತುಗಟ್ಟಿ ಹಿಂಸಿಸುವುದು ಭಿನ್ನಾಭಿಪ್ರಾಯವಲ್ಲ. ಅಲ್ಲಿ ‘ಕೂತು ಮಾತಾಡಿ ಸರಿಮಾಡಿಕೊಳ್ಳಿ’ ಎಂದು ಹೇಳುವ ಅಧ್ಯಾಪಕರು ತಮ್ಮ ಕರ್ತವ್ಯ ಬಿಟ್ಟಂತೆ. 2009ರ ಯು.ಜಿ.ಸಿ. ನಿಯಮಗಳ ಪ್ರಕಾರ ರ‍್ಯಾಗಿಂಗ್ ತಡೆಯುವುದು ಕಾಲೇಜಿನ ಹೊಣೆ. ಇದಕ್ಕೆ ರಾಷ್ಟ್ರೀಯ ಸಹಾಯವಾಣಿ ಇದೆ, ಬರೆದುಕೊಳ್ಳಿ: 1800-180-5522. ಲೈಂಗಿಕ ಕಿರುಕುಳವಾದರೆ ಕಾಲೇಜಿನ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು.

ಮಾತಿನಿಂದ ವ್ಯಾಜ್ಯ ತೀರಿಸುವ ಕೆಲಸಕ್ಕೆ ಈಗ ಕಾನೂನಿನ ಬೆಂಬಲವೂ ಇದೆ. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಸಂಸತ್ತು 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆಯನ್ನು ತಂದಿತು. ನೆರೆಹೊರೆಯ, ಊರಿನ ನೆಮ್ಮದಿ ಕೆಡಿಸುವ ಜಗಳಗಳಿಗೆ ಎರಡೂ ಕಡೆಯವರು ಒಪ್ಪಿದರೆ ಮೂವರು ಮಧ್ಯಸ್ಥರ ಮುಂದೆ ಸಮುದಾಯ ಮಧ್ಯಸ್ಥಿಕೆ ನಡೆಸುವ ಅವಕಾಶ ಅದರಲ್ಲಿದೆ. ಊರ ಕಟ್ಟೆಯ ಪಂಚಾಯ್ತಿಗೂ ಇದಕ್ಕೂ ವ್ಯತ್ಯಾಸ ದೊಡ್ಡದು. ಕಟ್ಟೆಯ ಹಿರಿಯರು ತೀರ್ಪು ಕೊಡುತ್ತಾರೆ, ಎಷ್ಟೋ ಸಲ ಜಾತಿ ಮತ್ತು ಆಸ್ತಿಯ ಬಲ ನೋಡಿ. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಇಬ್ಬರಿಂದಲೂ ಮಾತು ಹೊರಡಿಸುತ್ತಾರೆ. ಆ ಮಾತು ಗುಟ್ಟಾಗಿ ಉಳಿಯುತ್ತದೆ. ಇಂಥ ಮಧ್ಯಸ್ಥರು ನಮಗೆ ಊರೂರಿಗೆ ಬೇಕು. ಸಂತೆಯಲ್ಲಿ ಅಪ್ಪನ ಪಕ್ಕ ಕೂತ ಆ ಹುಡುಗರಿಂದಲೇ ಅವರು ಬರಬೇಕು.

ಅದಕ್ಕಾಗಿ ನನ್ನ ಸಹೋದ್ಯೋಗಿಗಳಲ್ಲಿ ಒಂದು ಬೇಡಿಕೆಯಿದೆ. ಈ ಸಲದ ಆಂತರಿಕ ಅಂಕಗಳಿಗೆ ಸಂವಹನದ ವ್ಯಾಖ್ಯೆ ಬರೆಸಬೇಡಿ. ತಾನು ನಿಜವಾಗಿ ಸಿಕ್ಕಿಕೊಂಡಿದ್ದ ಒಂದು ಜಗಳದ ಬಗ್ಗೆ ಪ್ರತಿ ವಿದ್ಯಾರ್ಥಿಯಿಂದ ಎರಡು ಪುಟ ಬರೆಸಿ: ತನಗೇನು ಬೇಕಿತ್ತು, ಎದುರಿನವರಿಗೇನು ಬೇಕಿತ್ತು, ಅದನ್ನು ತಿಳಿಯಲು ಯಾವ ಪ್ರಶ್ನೆ ಕೇಳಿದೆ, ಕೊನೆಗೆ ಏನಾಯಿತು. ಬಗೆಹರಿಯದ ಜಗಳವಾದರೂ ಚಿಂತೆಯಿಲ್ಲ. ಹೆಸರುಗಳನ್ನು ಬಿಟ್ಟು ಬರೆಯಲಿ, ನೀವು ಓದಿದ್ದನ್ನು ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಬೇಡಿ. ಮತ್ತು ಆ ಎರಡು ಪುಟವನ್ನು ಅವರು ಕನ್ನಡದಲ್ಲಿ ಬರೆದರೆ ಒಂದು ಅಂಕವನ್ನೂ ಕಳೆಯಬೇಡಿ.